ನಾನು ತೆಗೆದುಹಾಕಿದ ಟಿಕ್‌ಗಳು

ನರಿಕೊಂಬು
12-7-2025

ಪ್ರೀತಿಯ ಶುಭಶ್ರೀಗೆ,

ಶಬ್ನಾಳ ಸಲಾಂ. ನೀನೂ ನಿನ್ನ ಅತ್ತೆಯವರೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಮೆಸೇಜಿಗೆ ಹದಿನೈದು ದಿನ ಉತ್ತರಿಸದೆ ಕೂತದ್ದಕ್ಕೆ ಬೇಸರಿಸಬೇಡ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತಿ. ಕಾಗದವಾದರೆ ಕೊನೆವರೆಗೆ ಓದಲೇಬೇಕು.

ಕ್ಷಮಾಪಣೆ ಬರೆದುಕೊಟ್ಟು ಕೆಲಸಕ್ಕೆ ವಾಪಸ್ ಬಾ ಎಂದಿದ್ದಿ. ಮೂಡಬಿದಿರೆಯ ಆ ಆಫೀಸಿಗೆ ನನ್ನನ್ನು ಸೇರಿಸಿದವಳು ನೀನು, ನಿನ್ನ ಮರ್ಯಾದೆಯ ಪ್ರಶ್ನೆಯೂ ಹೌದು. ಆದರೂ ಬರೆಯುವುದಿಲ್ಲ. ಮನೀಷ್ ಸರ್ ಹೇಳಿದ್ದನ್ನಷ್ಟೇ ನೀನು ಕೇಳಿದ್ದಿ, ಈಗ ನನ್ನದನ್ನೂ ಕೇಳು.

ನನ್ನ ಪರದೆಯ ಎಡಕ್ಕೆ ಹ್ಮೊಂಗ್ ಭಾಷೆಯ ದಿನಬಳಕೆಯ ಮಾತು, ಬಲಕ್ಕೆ ಅದರ ಶೋನಾ ಅನುವಾದ, ಕೆಳಗೆ ಇಂಗ್ಲಿಷ್ ಅರ್ಥ. ಒಂದು ಲಾವೋಸಿನ ಬೆಟ್ಟದವರ ಮಾತು, ಇನ್ನೊಂದು ಆಫ್ರಿಕದ ಜಿಂಬಾಬ್ವೆಯವರದು. ಮೂರನ್ನೂ ಬರೆದದ್ದು ಯಂತ್ರವೇ. ನಾನು ಸರಿ ಅಥವಾ ತಪ್ಪು ಎಂದು ಒತ್ತಬೇಕು. ಗೊತ್ತಿಲ್ಲ ಎನ್ನಲು ಬಟನ್ನೇ ಇಲ್ಲ. ನಾಲ್ಕು ತಿಂಗಳು ನಾನೂ ಇಂಗ್ಲಿಷ್ ನೋಡಿ ಸರಿ, ಸರಿ ಎಂದು ಒತ್ತಿದೆ.

ದೋಹಾದಲ್ಲಿರುವ ನನ್ನ ತಮ್ಮ ಉನೈಸನ ರೂಮಿನಲ್ಲಿ ಜಿಂಬಾಬ್ವೆಯವನೊಬ್ಬನಿದ್ದಾನೆ. ಒಂದು ದಿನ ತಮಾಷೆಗೆ ಅವನಿಗೆ ನಾಲ್ಕು ಸಾಲು ಕಳಿಸಿದೆ. ಅವರಲ್ಲಿ ಬೆಳಿಗ್ಗೆ ನಿದ್ದೆ ಬಂತಾ ಎಂದು ಕೇಳಿದರೆ, ನಿಮಗೆ ಬಂದಿದ್ದರೆ ನನಗೂ ಬಂತು ಎನ್ನಬೇಕಂತೆ. ಎಷ್ಟು ಚಂದ ನೋಡು. ನಾನು ಸರಿಯೆಂದು ಒತ್ತಿದ್ದ ಸಾಲಿನಲ್ಲಿ, ನಾನು ಮಲಗಿದ್ದೆ ನೀನೂ ಮಲಗು ಎಂದಿತ್ತಂತೆ. ಅವನು ಮೊದಲು ನಕ್ಕ. ಆಮೇಲೆ ಇದನ್ನು ಪಾಸು ಮಾಡಿದವರು ಯಾರು ಎಂದು ಕೇಳಿದ. ಹ್ಮೊಂಗ್ ಬಲ್ಲ ಮೂವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಬರೆದೆ, ಒಬ್ಬರೂ ಉತ್ತರಿಸಲಿಲ್ಲ.

ಮನೀಷ್ ಸರ್ ಹತ್ತಿರ ಹೋಗಿ, ಭಾಷೆ ಬಾರದೆ ಸರಿ ಎಂದು ಒತ್ತುವುದು ತಪ್ಪಲ್ಲವಾ ಎಂದೆ. "ಅಷ್ಟು ದೂರದವರು ಮೂಡಬಿದ್ರೆಗೆ ಬಂದು ನಿಮ್ಮ ಹತ್ರ ಕೇಳ್ತಾರಾ ಮಾರಾಯ್ರೆ? ಇಂಗ್ಲಿಷ್ ಉಂಟಲ್ಲ, ಅದು ನೋಡಿ ಒತ್ತಿ" ಎಂದರು.

"ಅವರು ಬಂದು ಕೇಳುವುದಿಲ್ಲ ಸರ್. ಅದಕ್ಕೇ ನಾನು ಒತ್ತುವುದಿಲ್ಲ" ಎಂದೆ.

ಎರಡು ದಿನ ಕೂತು ಎರಡು ಸಾವಿರದ ಮುನ್ನೂರು ಸಾಲುಗಳಿಂದ ನನ್ನ ಟಿಕ್ ತೆಗೆದೆ. ಪ್ರತಿಯೊಂದರ ಟಿಪ್ಪಣಿಯಲ್ಲೂ 'ಈ ಭಾಷೆಗಳು ನನಗೆ ಬರುವುದಿಲ್ಲ' ಎಂದು ಹಾಕಿದೆ. ಮೂರನೆಯ ದಿನ ನನ್ನ ಲಾಗಿನ್ ಮುಚ್ಚಿದರು. ಈಗ ಮಾನಸಿಕ ಒತ್ತಡದಲ್ಲಿ ಹಾಗೆ ಮಾಡಿದೆ ಎಂದು ಬರೆದುಕೊಡಬೇಕಂತೆ. ನನಗೆ ಯಾವ ಒತ್ತಡವೂ ಇರಲಿಲ್ಲ ಶುಭಾ. ನನ್ನ ತಲೆ ಇಷ್ಟು ನೆಟ್ಟಗೆ ಓಡಿದ್ದು ಈಚೆಗೆ ಅದೇ ಮೊದಲು. ಆ ಟಿಕ್‌ಗಳನ್ನು ಬೇರೆ ಯಾರಿಂದಲೋ ಹಾಕಿಸುತ್ತಾರೆ, ಗೊತ್ತು. ಹಾಕಿಸಲಿ, ನನ್ನ ಹೆಸರಿನಲ್ಲಿ ಬೇಡ.

ನಿನಗೂ ಹೊಟ್ಟೆಯಲ್ಲಿರುವ ಕೂಸಿಗೂ ಸೃಷ್ಟಿಸಿದವನು ಆಯುಸ್ಸು, ಆರೋಗ್ಯ ಕೊಡಲಿ. ಬೆಳ್ತಂಗಡಿಗೆ ನಿನ್ನ ಸೀಮಂತಕ್ಕೆ ಬಂದೇ ಬರುತ್ತೇನೆ, ನೀನು ಕರೆಯದಿದ್ದರೂ.

ನಿನ್ನ
ಶಬ್ನಾ

ತಾ.ಕ.: ಉಮ್ಮ ಹೃದಯಾಘಾತದಿಂದ ಹೋದರು ಎಂದಷ್ಟೇ ನಿನಗೆ ಹೇಳಿದ್ದೆ. ಹಿಂದಿನ ದಿನ ಎದೆನೋವೆಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ನಾನು ಚೀಟಿ ಮಾಡಿಸಲು ಹೋದಾಗ, ಹೊರರಾಜ್ಯದ ನರ್ಸ್ ತನ್ನ ಮಾತನ್ನು ನಮ್ಮ ಬ್ಯಾರಿ ಭಾಷೆಗೆ ತಿರುಗಿಸಿ ಆಡುವ ಟ್ಯಾಬ್ ಒಂದನ್ನು ಉಮ್ಮನ ಮುಂದೆ ಹಿಡಿದಿದ್ದಳು. ಅದರ ಬ್ಯಾರಿ ಯಾವ ಬ್ಯಾರಿಯ ಬಾಯಲ್ಲೂ ಇಲ್ಲದ್ದು. ನಮ್ಮ ಮಾತು ಆಡಲು ಕಷ್ಟಪಡುವವರನ್ನು ತಿದ್ದುವುದು ಉಮ್ಮನ ಪ್ರಕಾರ ಮರ್ಯಾದೆಯಲ್ಲ. ಅದು ಕೇಳಿದ್ದಕ್ಕೆಲ್ಲ ಹೌದೆಂದು ತಲೆಯಾಡಿಸಿದ್ದಾರೆ, ನೋವು ಕಡಿಮೆಯಾಯಿತಾ ಎಂದದ್ದಕ್ಕೂ. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. "ಪಾಪ, ಅದಕ್ಕೆ ನಮ್ಮ ಮಾತು ಸರಿ ಬರುದಿಲ್ಲ ಮಗಳೇ, ನನಗೆ ಒಂದೂ ಗೊತ್ತಾಗ್ಲಿಲ್ಲ" ಎಂದು ಆಟೋದಲ್ಲಿ ಹೇಳಿದರು. ಆಟೋ ತಿರುಗಿಸಲು ಹೇಳಬೇಕಿತ್ತು. ಪಾಣೆಮಂಗಳೂರು ಸೇತುವೆ ದಾಟುವವರೆಗೂ ನಾವಿಬ್ಬರೂ ನಕ್ಕೆವು.