ಹೊನ್ನಗುಂಡಿ ಕೋರ್ಟಿನ ದುಭಾಷಿಗೆ

ಉರ್ವ, ಮಂಗಳೂರು
೧೭ ನವೆಂಬರ್ ೧೯೬೩

ಶ್ರೀ ಲಿಗೋರಿಯವರಿಗೆ ತೆರೆಸಾಳ ವಂದನೆಗಳು.

ನಿಮ್ಮ ಕಾಗದವೂ ಅದರ ಜೊತೆಗಿದ್ದ ಲೇಖನವೂ ತಲುಪಿದವು. ಮನೆಯ ಕೊಂಕಣಿಯಲ್ಲಿ ಬರೆದರೆ ನನ್ನ ಸಿಟ್ಟು ಎಲ್ಲಿ ಮೆತ್ತಗಾಗುವುದೋ ಎಂದು ಶಾಲೆಯಲ್ಲಿ ಕಲಿಸುವ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಹೊನ್ನಗುಂಡಿಯ ಚಿನ್ನದ ಗಣಿ ಮುಚ್ಚಿ ಐದು ವರ್ಷವಾಯಿತು, ಊರಿಗೆ ಮರ್ಯಾದೆ ಎಂದು ಉಳಿದಿರುವುದು ಕೋರ್ಟಿನ ಕಟ್ಟಡ ಒಂದೇ, ಅರುವತ್ತು ತುಂಬಿದ ಅದನ್ನು ಸರಕಾರ ಸ್ಮಾರಕವಾಗಿ ಉಳಿಸಿಕೊಳ್ಳುತ್ತದೆ ಎಂದಿದ್ದೀರಿ. ಸಮಾರಂಭದಲ್ಲಿ ಹಳೆಯ ದುಭಾಷಿಯಾದ ನಿಮಗೆ ಶಾಲು ಹೊದಿಸುತ್ತಾರಂತೆ. ಆಗ ಪಕ್ಕದಲ್ಲಿ ಹೆಂಡತಿ ಇಲ್ಲದಿದ್ದರೆ ಚಂದವಲ್ಲ, ಆದ್ದರಿಂದ ನಾನು ಬರಬೇಕಂತೆ. ಈ ಹತ್ತು ವರ್ಷದಲ್ಲಿ ನೀವು ನನ್ನನ್ನು ಕರೆದದ್ದು ಇದೇ ಮೊದಲು.

ಸ್ಮರಣ ಸಂಚಿಕೆಗೆ ನೀವು ಬರೆದದ್ದು ಚೆನ್ನಾಗಿದೆ. ಗಣಿಯ ದೊರೆಗಳು ಕಟ್ಟಿಸಿದ ಕೆಂಪು ಇಟ್ಟಿಗೆಯ ಕಮಾನು, ತೇಗದ ಸಾಕ್ಷಿಕಟ್ಟೆ, ನಮ್ಮೂರಿನಿಂದ ಹೋದ ಹಂಚು, ಎಲ್ಲವೂ ಇದೆ. ಉಮರಬ್ಬ ಮಾತ್ರ ಇಲ್ಲ. ‘ಈ ಸೂರಿನ ಕೆಳಗೆ ಬಡವನ ಮಾತು ಒಂದಕ್ಷರವೂ ಕಳೆದುಹೋಗಲಿಲ್ಲ’ ಎಂದು ಮುಗಿಸಿದ್ದೀರಿ. ಆ ಸಾಲು ಓದಿದ ದಿನ ನನಗೆ ಮಕ್ಕಳೆದುರು ನಿಂತು ಪಾಠ ಮಾಡಲಾಗಲಿಲ್ಲ.

೧೯೫೨ರ ಆ ಮಂಗಳವಾರ ನಿಮಗೆ ಮರೆತಿರಲಾರದು. ನಮ್ಮ ಕಡೆಯ ತೊಕ್ಕೊಟ್ಟಿನ ಉಮರಬ್ಬ ಗಣಿಯಲ್ಲಿ ಮರ ಹೊರುವ ಕೂಲಿ. ಗೇಟಿನಲ್ಲಿ ಅವನ ಕೈಯ ಗಂಟು ಬಿಚ್ಚಿದಾಗ ಚಿನ್ನದ ಅದಿರು ಸಿಕ್ಕಿತ್ತು. ಬ್ಯಾರಿ, ತುಳು ಬಿಟ್ಟರೆ ಅವನಿಗೆ ಬೇರೆ ಭಾಷೆ ಬಾರದು. ಅವನಲ್ಲದೆ ಆ ಊರಿನಲ್ಲಿ ತುಳು ಬಲ್ಲವರು ನಾವಿಬ್ಬರೇ. ನಿಮ್ಮ ಊಟದ ಕ್ಯಾರಿಯರ್ ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಕಟ್ಟೆ ಹತ್ತಿ ಅವನು ತುಳುವಿನಲ್ಲಿ ಹೇಳಿದ: ಗಂಟು ಹಿಡಿದುಕೊಂಡು ಬಂದದ್ದು ನಾನೇ, ಒಳಗೆ ಎಂತ ಇತ್ತೆಂದು ಎಂಕ್ ಗೊತ್ತಿಜ್ಜಿ, ನನಗೆ ಗೊತ್ತಿಲ್ಲ ಸ್ವಾಮಿ, ಹೊರಗೆ ಕೊಡು ಎಂದು ಮೇಸ್ತ್ರಿ ಕೊಟ್ಟದ್ದು.

ನೀವು ಮ್ಯಾಜಿಸ್ಟ್ರೇಟರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಒಂದೇ ವಾಕ್ಯ. ಅದಿರು ತಂದದ್ದು ನಾನೇ.

ಉಮರಬ್ಬ ಕೃತಜ್ಞತೆಯಿಂದ ನಿಮಗೆ ಕೈಮುಗಿದ. ತನ್ನ ಊರಿನವನು, ತನ್ನ ಮಾತನ್ನೆಲ್ಲ ತಲುಪಿಸಿದ ಎಂದುಕೊಂಡ. ಎರಡು ವರ್ಷ ಸಜೆಯಾಯಿತು. ಮೇಸ್ತ್ರಿ ಗಣಿಯ ಮ್ಯಾನೇಜರರ ಕಡೆಯವನೆಂದು ಊರಿಗೆಲ್ಲ ಗೊತ್ತಿತ್ತು. ಮರುತಿಂಗಳು ನಿಮ್ಮ ಕೆಲಸ ಕಾಯಂ ಆಯಿತು, ಕಂಪೆನಿಯ ಮನೆ ಸಿಕ್ಕಿತು. ಮರುವರ್ಷ ಅಮ್ಮನಿಗೆ ಸೌಖ್ಯವಿಲ್ಲ ಎಂದು ನಾನು ಇಲ್ಲಿಗೆ ಬಂದೆ. ಅಮ್ಮ ಎರಡೇ ತಿಂಗಳಲ್ಲಿ ಚೇತರಿಸಿಕೊಂಡರು. ನಾನು ಹಿಂದಿರುಗಲಿಲ್ಲ, ಯಾಕೆಂದು ನೀವು ಕೇಳಲೂ ಇಲ್ಲ.

ಕಳೆದ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ, ದೋಣಿಯಲ್ಲಿ ಹೊಳೆ ದಾಟಿ ತೊಕ್ಕೊಟ್ಟಿಗೆ ಹೋದೆ. ಪೇಟೆಯಲ್ಲಿ ವಿಚಾರಿಸಿದಾಗ ಉಮರಬ್ಬ ತೀರಿಹೋಗಿ ಆರು ವರ್ಷವಾಯಿತೆಂದು ತಿಳಿಯಿತು. ಹೆಂಡತಿ ಬೀಫಾತಿಮ್ಮ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ಮೊರವನ್ನು ಬದಿಗಿಟ್ಟು ನನಗೆ ಚಾಪೆ ಹಾಸಿದಳು. ಅಂದು ಕೋರ್ಟಿನಲ್ಲಿ ನಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಅವಳು ಅಳಲಿಲ್ಲ. “ಇನ್ನೊಂದು ಸಲ ಹೇಳಿ ಬಾಯಮ್ಮಾ” ಎಂದಳು. ಮತ್ತೆ ಹೇಳಿದೆ.

“ಜೈಲಿನಿಂದ ಬಂದವರು ನಾನು ಕದೀಲಿಲ್ಲ, ಕದೀಲಿಲ್ಲ ಅಂತ ಹೇಳ್ತಾನೇ ಇದ್ರು. ಕೋರ್ಟಿನಲ್ಲಿ ನೀವೇ ಒಪ್ಪಿದ್ದಲ್ವಾ, ಕಾಗದದಲ್ಲಿ ಉಂಟಲ್ವಾ ಅಂತ ನಾನು ಕೇಳ್ತಿದ್ದೆ. ಆಮೇಲೆ ಅವರು ಹೇಳುವುದೇ ಬಿಟ್ರು. ಮೂರು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವರ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ಸಾಯುವಾಗ ಸಹ.”

ಆಮೇಲೆ, “ನೀವು ಇಷ್ಟು ವರ್ಷ ಎಲ್ಲಿದ್ರಿ?” ಎಂದು ಕೇಳಿದಳು. ಹೊಳೆಯ ಈಚೆ ದಡದಲ್ಲೇ ಇದ್ದೆ. ಅವಳು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡಳು. ನಾನು ಎದ್ದು ಬಂದೆ.

ಬುಧವಾರ ಜಯಪಾಲ ವಕೀಲರನ್ನು ಕಂಡೆ. ಸಾಕ್ಷಿ ಹೇಳುತ್ತೇನೆ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಎಂದೆ. ಅವರು ಕನ್ನಡಕ ತೆಗೆದಿಟ್ಟು, “ಸಜೆ ಅನುಭವಿಸಿದವನೇ ಇಲ್ಲ. ಮ್ಯಾಜಿಸ್ಟ್ರೇಟರೂ ತೀರಿಹೋಗಿದ್ದಾರೆ. ಇನ್ನು ಇದರಿಂದ ಎಂತ ಆಗ್ತದೆ ಟೀಚರೇ?” ಎಂದರು. ಆದ್ದರಿಂದ ನೀವು ಹೆದರುವ ಅಗತ್ಯವಿಲ್ಲ. ಧಾರಾಳವಾಗಿ ಶಾಲು ಹೊದ್ದುಕೊಳ್ಳಿ. ಆ ಗೋಡೆಗಳನ್ನು ಇನ್ನೂ ನೂರು ವರ್ಷ ಕಾಪಾಡಲಿ, ನನಗೆ ಅವುಗಳ ಮೇಲೆ ದ್ವೇಷವಿಲ್ಲ. ಆದರೆ ಆ ಕೊನೆಯ ಸಾಲನ್ನು ಹೊಡೆದುಹಾಕಿ. ಅದರ ಜಾಗದಲ್ಲಿ ಉಮರಬ್ಬ ಹೇಳಿದ್ದನ್ನು ಪೂರ್ತಿಯಾಗಿ ಬರೆಯಿರಿ. ಅಷ್ಟು ಧೈರ್ಯವಿಲ್ಲದಿದ್ದರೆ ಜಾಗ ಖಾಲಿ ಬಿಡಿ.

ನಾನು ಬರುವುದಿಲ್ಲ.

ಇಗರ್ಜಿಯ ಮದುವೆ ಪುಸ್ತಕದಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವ,
ತೆರೆಸಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಆ ಮಂಗಳವಾರದ ಹಿಂದಿನ ದಿನ ಮಧ್ಯಾಹ್ನ, ಮೇಸ್ತ್ರಿಯ ಹೆಸರು ಕೋರ್ಟಿನಲ್ಲಿ ಬರಬಾರದೆಂದು ಮ್ಯಾನೇಜರರು ಹೇಳಿಕಳಿಸಿದ್ದನ್ನು ನೀವು ನನಗೆ ತಿಳಿಸಿದಿರಿ. ನಿಮ್ಮ ಕೈ ಅನ್ನದಲ್ಲೇ ನಿಂತಿತ್ತು. “ಎಂತ ಮಾಡುವುದು ತೆರೆಸಾ?” ಎಂದು ಎರಡು ಸಲ ಕೇಳಿದಿರಿ. “ಅವರು ಹೇಳಿದ ಹಾಗೆ ಮಾಡಿ. ಈ ಬಾಡಿಗೆಯ ಕೋಣೆ ನನಗೆ ಸಾಕಾಗಿದೆ” ಎಂದವಳು ನಾನು. ಇದನ್ನು ವಕೀಲರಿಗೆ ಹೇಳಿಲ್ಲ. ಬೀಫಾತಿಮ್ಮನಿಗೂ ಹೇಳಿಲ್ಲ.