ಅಂಗಳದಲ್ಲಿ ನೆಟ್ಟ ಬೋರ್ಡು

ಆಲ್ಡೆನ್ ಕ್ರೀಕ್, ನೆಬ್ರಾಸ್ಕಾ
2019 ನವೆಂಬರ್ 10, ಭಾನುವಾರ

ಪ್ರೀತಿಯ ತಂಗಿ ಡೊರೀನ್‌ಗೆ,

ನಿನ್ನ ಗಂಡ ಲೈಲ್‌ನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತುತ್ತಾನೋ, ಇನ್ನೂ ಕೆಳಗಿನ ಕೋಣೆಯಲ್ಲೇ ಮಲಗುತ್ತಾನೋ? ನಿನ್ನ ಮೊಮ್ಮಗಳು ಟೆಸ್‌ಳ ಕೆಮ್ಮು ನಿಂತಿತೇ? ಆ ಕಡಲ ಕಡೆಯ ತೇವದಲ್ಲಿ ಮಗುವಿನ ಎದೆ ಬೆಚ್ಚಗಿರಲಿ. ಎಲ್ಲರ ವಿಷಯ ಬರೆಯುತ್ತೀಯೆ, ನಿನ್ನ ಬಿಪಿ ವಿಷಯ ಮಾತ್ರ ಬರೆಯುವುದಿಲ್ಲ. ಅದನ್ನೂ ಬರೆ.

ನಿನ್ನ ಕಾಗದ ಸೆಪ್ಟೆಂಬರಿನಲ್ಲೇ ಬಂತು. ಎರಡು ತಿಂಗಳು ಬೋರ್ಡು ಬರೆಯುವ ಬಣ್ಣದ ಡಬ್ಬಿಗಳ ಪಕ್ಕ ಇಟ್ಟುಕೊಂಡೇ ಓಡಾಡಿದೆ. ಕೈ ನಡುಗುತ್ತದೆ ಎಂದು ನೆಪ ಹೇಳಬಹುದಿತ್ತು. ಆದರೆ ಮೊನ್ನೆ ತಾನೇ ಮಾರ್ವೆಲ್‌ಳ ಹೋಟೆಲಿನ ಕಿಟಕಿಗೆ ‘ಬಿಸಿ ಕುಂಬಳಕಾಯಿ ಪೈ’ ಎಂದು ಒಂದೇ ಉಸಿರಿಗೆ ಬರೆದುಕೊಟ್ಟ ಕೈ ಇದು. ನಿಜ ಹೇಳಬೇಕೆಂದರೆ, ನೀನು ಕೊನೆಯ ಸಾಲಿನಲ್ಲಿ ಮತ್ತೆ ಅದನ್ನೇ ಕೇಳಿದ್ದೆ. ‘ಆರ್ಡಿಸ್ ಹನ್ನೆರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳಲ್ಲ, ನಾನೇನು ಮಾಡಿದೆ ಅಂತ ನಿನಗಾದರೂ ಗೊತ್ತಾ?’ ಅದಕ್ಕೇ ಪೆನ್ನು ಎತ್ತಲಾಗಲಿಲ್ಲ.

ಇಲ್ಲಿ ಜೋಳ ಕಟಾವಾಯಿತು. ಈಗ ಸುತ್ತ ಬರೀ ಬಯಲು. ಅಪ್ಪ ಸ್ಟೇಡಿಯಂನಲ್ಲಿ ನಮಗಾಗಿ ಹಿಡಿದಿಟ್ಟಿದ್ದ ಇಪ್ಪತ್ತನೇ ಸಾಲಿನ ಎರಡು ಸೀಟುಗಳನ್ನು ನಾನು ಬಿಟ್ಟುಕೊಟ್ಟಿಲ್ಲ. ನಿನ್ನ ಸೀಟಿನಲ್ಲಿ ನನ್ನ ಥರ್ಮಾಸ್ ಕೂರುತ್ತದೆ. ‘ಇದು ಖಾಲಿನಾ?’ ಎಂದು ಯಾರಾದರೂ ಕೇಳಿದರೆ ‘ಇಲ್ಲ, ಬರ್ತಾಳೆ’ ಎನ್ನುತ್ತೇನೆ. ಆಟ ಮುಗಿದ ಮೇಲೆ ಥರ್ಮಾಸನ್ನು ಎತ್ತಿಕೊಂಡು ಮನೆಗೆ ಬರುತ್ತೇನೆ.

ನಿನ್ನೆ ಕಾಲೇಜಿನ ತೊಂಬತ್ನಾಲ್ಕರ ಫುಟ್‌ಬಾಲ್ ತಂಡಕ್ಕೆ ಸನ್ಮಾನವಿತ್ತು, ಗೆದ್ದು ಇಪ್ಪತ್ತೈದು ವರ್ಷವಾಯಿತೆಂದು. ಕಾಲೇಜಿನವರು ಆರ್ಡಿಸ್‌ಳ ಗಂಡ ಕೋಚ್ ಎಮಿಲ್ ಹ್ರೂಸ್ಕಾನನ್ನೂ ಕರೆದಿದ್ದರು. ಸುದ್ದಿ ಹಬ್ಬಿದ ದಿನ ನಾನು ಗೇಲನ್‌ನ ಕಟಿಂಗ್ ಶಾಪಿನಲ್ಲಿದ್ದೆ.

‘ಯಾವ ಮುಖ ಇಟ್ಕೊಂಡು ಬರ್ತಾನಂತೆ?’ ಎಂದ ಗೇಲನ್, ನನ್ನ ಕತ್ತಿನ ಹಿಂದೆ ಕತ್ತರಿ ಆಡಿಸುತ್ತ.

‘ಆ ವರ್ಷ ಗೆಲ್ಸಿದ್ದೂ ಅವನೇ ಅಲ್ವೇನೋ?’

‘ನಾನು ಎರಡು ಸಾವಿರದ ಏಳರ ಮಾತಾಡ್ತಿದೀನಿ. ಕೊನೇ ನಿಮಿಷ. ಒಂದು ಕಿಕ್ ಹೊಡ್ಸಿದ್ರೆ ಒಂದು ಪಾಯಿಂಟು ಬಂದು ಸಮ ಆಗಿ ಆಟ ಮುಂದುವರೀತಿತ್ತು. ನಮ್ಮಜ್ಜಿಗೂ ಗೊತ್ತು. ಈ ಮಹಾರಾಯ ಎರಡು ಪಾಯಿಂಟಿಗೆ ಆಸೆಪಟ್ಟು ಹುಡುಗನ ಕೈಗೆ ಚೆಂಡು ಕೊಟ್ಟು ಓಡ್ಸಿದ, ಸೋತ್ವಿ! ನದಿಯಾಚೆಯ ಕಾಲೇಜಿನೋರು ಇವತ್ತಿಗೂ ನಗ್ತಾರೆ.’

‘ಹುಡುಗರು ಸುಸ್ತಾಗಿದ್ರು. ಆಗ್ಲೇ ಮುಗಿಸಿಬಿಡೋಣ ಅಂದ್ಕೊಂಡಿರ್ತಾನೆ.’

‘ನೀನ್ಯಾವಾಗ ಅವನ ಲಾಯರ್ ಆದ್ಯೋ? ಅಲ್ಲಾಡ್ಬೇಡ, ಕಿವಿ ಹ್ರೂಸ್ಕಾ ಆಗತ್ತೆ.’

ಇಲ್ಲಿ ಕೆಟ್ಟಿದ್ದಕ್ಕೆಲ್ಲ ಈಗಲೂ ಅದೇ ಹೆಸರು ಡೊರೀನ್. ಪೈ ಸೀದರೆ ಹ್ರೂಸ್ಕಾ, ಟ್ರಕ್ಕು ಹಿಂದಕ್ಕೆ ಹೋಗಿ ಕಂಬಕ್ಕೆ ತಗುಲಿದರೆ ಹ್ರೂಸ್ಕಾ. ಆಗ ತೊಟ್ಟಿಲಲ್ಲಿದ್ದವರೂ ಹಾಗೇ ಅನ್ನುತ್ತಾರೆ.

ನಿನ್ನೆ ಮೈಕಿನಲ್ಲಿ ಅವನ ಹೆಸರು ಕರೆದರು. ಮೇಲಿನ ಸಾಲುಗಳಿಂದ ‘ಊ...’ ಎಂಬ ಗೇಲಿ ಶುರುವಾಗಿ ಕೆಳಗಿಳಿಯಿತು. ಅವನ ಹಳೆಯ ಆಟಗಾರರು, ಈಗ ಹೊಟ್ಟೆ ಬಂದ ಗಂಡಸರು, ಅವನ ಸುತ್ತ ಒತ್ತಾಗಿ ನಿಂತರು. ಅವನು ಟೋಪಿ ತೆಗೆದು ಹಿಡಿದುಕೊಂಡ. ತಲೆ ಪೂರ್ತಿ ಬೆಳ್ಳಗಾಗಿದೆ. ನಾನು ‘ಊ’ ಅನ್ನಲಿಲ್ಲ. ಚಪ್ಪಾಳೆಯನ್ನೂ ತಟ್ಟಲಿಲ್ಲ. ಎರಡೂ ಕೈ ಕಂಬಳಿಯೊಳಗೇ ಇದ್ದವು.

ಆ ಏಳನೇ ಇಸವಿಯ ಭಾನುವಾರ ನೆನಪಿದೆಯೇ? ಸೋತ ಮರುದಿನ, ಕೋಚ್‌ನ ಮನೆಯ ಅಂಗಳದಲ್ಲಿ ‘ಈ ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ನಿಂತಿತ್ತು. ನೀನು ಚರ್ಚ್‌ನಿಂದ ಓಡಿಹೋಗುವಷ್ಟರಲ್ಲಿ ಆರ್ಡಿಸ್ ಅದನ್ನು ತಾನೇ ಕಿತ್ತು ಗ್ಯಾರೇಜಿನೊಳಗೆ ಹಾಕಿ ಬಾಗಿಲೆಳೆದುಕೊಂಡಿದ್ದಳು. ನೀನು ಎಷ್ಟು ಬಡಿದರೂ ತೆಗೆಯಲಿಲ್ಲ. ಅಳುತ್ತ ನನ್ನ ಅಂಗಡಿಗೆ ಬಂದು ‘ಯಾರು ಮಾಡಿದ್ದು ವರ್ಲಿನ್? ಹದಿನೆಂಟು ವರ್ಷ ಚರ್ಚಲ್ಲಿ ಒಟ್ಟಿಗೆ ಹಾಡಿದೋರು ನಾವು’ ಎಂದೆ. ‘ಕಾಲೇಜಿನ ಪೋಕರಿಗಳಿರ್ಬೇಕು’ ಎಂದೆ ನಾನು. ಆ ವಾರವೇ ಅವನನ್ನು ಕೆಲಸದಿಂದ ತೆಗೆದರು. ಅವರು ದಕ್ಷಿಣ ಡಕೋಟಾಗೆ ಹೊರಟುಹೋದರು. ನಿನ್ನ ಕ್ರಿಸ್ಮಸ್ ಕಾರ್ಡುಗಳು ಒಡೆಯದೆ ವಾಪಸು ಬಂದವು. ನೀನು ಸ್ಟೇಡಿಯಂಗೆ ಬರುವುದನ್ನೇ ಬಿಟ್ಟೆ, ಆಮೇಲೆ ಊರನ್ನೂ ಬಿಟ್ಟೆ.

ಇವತ್ತು ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಎಮಿಲ್ ಇಳಿದು ಬಂದ. ಆರ್ಡಿಸ್ ಒಳಗೇ ಕೂತಿದ್ದಳು, ಗಾಜು ಏರಿಸಿಕೊಂಡು, ನೇರ ಮುಂದಕ್ಕೆ ನೋಡುತ್ತ. ಹಳೆಯ ನೀಲಿ ಸ್ಕಾರ್ಫು, ನೀನು ಹೆಣೆದದ್ದೇ ಇರಬೇಕು. ಅವರ ಅಂಚೆ ಡಬ್ಬಿಗೆ ಹೆಸರಿನ ಬೋರ್ಡು ಬೇಕಂತೆ. ಬರೆದು ಕಳಿಸಲು ವಿಳಾಸ ಕೊಟ್ಟ. ಇನ್ನೊಂದು ಮಾತನ್ನೂ ಹೇಳಿದ. ಅದನ್ನು ಕೆಳಗೆ ಬರೆಯುತ್ತೇನೆ, ಕೈ ಓಡಿದರೆ.

ಲೈಲ್‌ಗೆ ನನ್ನ ನೆನಪು ಹೇಳು. ಟೆಸ್‌ಗೆ ಅವಳ ಹೆಸರಿನ ಪುಟ್ಟ ಬೋರ್ಡೊಂದನ್ನು ಕೆಂಪು ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ನಿನ್ನ ಮನೆ ಬೆಚ್ಚಗಿರಲಿ, ನಿಮಗೆಲ್ಲ ದೇವರು ಆಯಸ್ಸು ಆರೋಗ್ಯ ಕೊಡಲಿ.

ನಿನ್ನ ಅಣ್ಣ,
ವರ್ಲಿನ್

ಮರೆತು ಉಳಿದದ್ದಲ್ಲ, ಹೆದರಿ ಉಳಿಸಿದ್ದು:

ಆ ಬೋರ್ಡು ಬರೆದವನು ನಾನು. ಬೆಳಕು ಹರಿಯುವಾಗ ಸುತ್ತಿಗೆ ಹಿಡಿದು ನೆಟ್ಟವನೂ ನಾನೇ. ಸಿಟ್ಟಿನಲ್ಲಿದ್ದೆ, ನಗುತ್ತಲೂ ಇದ್ದೆ.

ಎಮಿಲ್ ಇವತ್ತು ಹೇಳಿದ್ದು ಇಷ್ಟು: ‘ಹೆಸರು ಮಾತ್ರ ಬರಿ ವರ್ಲಿನ್. ಮಾರಾಟಕ್ಕಿದೆ ಅಂತ ಬೇಡ.’

‘ಗೊತ್ತಿತ್ತಾ ಕೋಚ್?’ ಎಂದೆ.

‘ನನ್ನ ಆಫೀಸಿನ ಬಾಗಿಲ ಮೇಲೆ ಹದಿನೆಂಟು ವರ್ಷ ನಿನ್ನ ಅಕ್ಷರ ನೋಡಿದೋನು ನಾನು. ಆರ್ಡಿಸ್‌ಗೆ ನನಗಿಂತ ಮುಂಚೆ ಗೊತ್ತಾಯ್ತು. ಡೊರೀನ್‌ಗೂ ಗೊತ್ತಿರತ್ತೆ, ಅಣ್ಣ ತಂಗಿ ಸೇರಿ ನಕ್ಕಿರ್ತಾರೆ ಅಂದ್ಕೊಂಡ್ಲು. ಆ ಬೋರ್ಡಿನ ಬೆನ್ನ ಮೇಲೆ ಈಗ ಟೊಮೇಟೊ ಸಸಿ ಇಡ್ತಾಳೆ. ಎಸೆಯೋಕೆ ಬಿಡಲ್ಲ.’

‘ಡೊರೀನ್‌ಗೆ ಗೊತ್ತಿಲ್ಲ ಕೋಚ್. ಇವತ್ತಿಗೂ ಗೊತ್ತಿಲ್ಲ.’

ಅವನು ಕಾರಿನ ಕಡೆ ತಿರುಗಿದ. ‘ನಾನು ಹೇಳಿದ್ರೆ ಆರ್ಡಿಸ್ ನಂಬಲ್ಲ. ಅಗೋ ಕಾರಲ್ಲಿದಾಳೆ. ನೀನೇ ಹೋಗಿ ಹೇಳು’ ಎಂದ.

ಬಾಗಿಲವರೆಗೆ ಹೋದೆ. ಹಿಡಿಕೆಯನ್ನೂ ಹಿಡಿದೆ. ಕಾರು ಹೊರಟುಹೋಗುವವರೆಗೂ ಅದನ್ನು ಹಿಡಿದೇ ನಿಂತಿದ್ದೆ.

ಅವನು ವಿಳಾಸ ಬರೆದುಕೊಟ್ಟ ಚೀಟಿಯನ್ನೇ ಇದರೊಳಗಿಟ್ಟಿದ್ದೇನೆ. ಮೊದಲು ಅವಳಿಗೆ ಬರೆ. ತಪ್ಪು ಅಣ್ಣನದೆಂದು ನನ್ನ ಹೆಸರು ಹಾಕಿಯೇ ಬರೆ. ಆಮೇಲೆ ನನಗೆ. ಎರಡೇ ಸಾಲಾದರೂ ಸರಿ, ಬೈಗುಳವಾದರೂ ಸರಿ, ಬೇಗ ಬರೆ.