ಬಾಸಿಂಗದ ಅಂಗಡಿಯ ಕರಪತ್ರ

ಮಸ್ಕಿ
ಫೆಬ್ರವರಿ 1953

ಛಾಪಖಾನೆಯ ಕರಿಬಸಪ್ಪಣ್ಣನವರಿಗೆ ಶರಣಾರ್ಥಿ.

ಮದುವೆಯ ಕಾಲಕ್ಕೆ ನಮ್ಮ ಗಿರಾಕಿಗಳಿಗೆ ಕಳಿಸುವ ಕರಪತ್ರದ ಕರಡು ನೋಡಿದೆ. ಬಾಸಿಂಗದ ಚಿತ್ರ ದೊಡ್ಡದಾಗಿರಲಿ, ಮಾತು ಕಡಿಮೆ ಇರಲಿ. ಕೆಳಗೆ ನಮ್ಮ ಯಜಮಾನರ ಹೆಸರಿನ ಹಿಂದೆ ನೀವು ಸೇರಿಸಿದ ‘ಲಿಂಗೈಕ್ಯ’ ಎಂಬ ಮಾತು ತೆಗೆಯಿರಿ. ಸಿಂಧನೂರು ಕಡೆಯ ಗಿರಾಕಿಗಳಿಗೆ ಅವರು ತೀರಿಕೊಂಡದ್ದು ಇನ್ನೂ ಗೊತ್ತಿಲ್ಲ.

ಮೊದಲಿನಿಂದಲೂ ಬೆಂಡು ಕೊಯ್ದು ಬಾಸಿಂಗ ಮಾಡುತ್ತಿದ್ದವಳು ನಾನೇ. ಆದರೂ ಮೊನ್ನೆ ಇಲ್ಲಿಯ ಸಂಗಮ್ಮ ಕೊಂಡದ್ದನ್ನು ಮರಳಿ ತಂದು, “ಗಂಡ ಇಲ್ಲದಾಕಿ ಮಾಡಿದ್ದು ಮದುಮಗಳ ಹಣಿಗೆ ಹ್ಯಾಂಗ ಕಟ್ಟೋದವ್ವಾ? ನೀನ ಹೇಳು” ಎಂದಳು. ನಾನು ರೊಕ್ಕ ತಿರುಗಿ ಕೊಟ್ಟೆ.

ಇದೇ ತಿಂಗಳು ನನ್ನ ಮಗಳು ಜಂಬಮ್ಮನ ಮದುವೆ. ನಿಮ್ಮ ಲಿಂಗಸುಗೂರಿನಲ್ಲಿ ಮುತ್ತೈದೆ ಮಾಡಿದ ಬಾಸಿಂಗ ಸಿಕ್ಕರೆ, ಕರಪತ್ರಗಳ ಜೊತೆ ಒಂದು ಜೋಡಿ ಕಳಿಸಿಕೊಡಿ.

ಇತಿ,
ವೀರಭದ್ರಮ್ಮ